ತೆರಿಗೆ ಇಲ್ಲದ ರಾಜ್ಯಕ್ಕೆ ಮನೆ ಬದಲಿಸುವ ಮುನ್ನ: ಅಮೆರಿಕದ ನಿವೃತ್ತರಿಗೂ ವೃತ್ತಿಪರ ಆಟಗಾರರಿಗೂ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದಿಂದ ಟೆಕ್ಸಸ್‌ಗೆ, ನ್ಯೂಯಾರ್ಕ್‌ನಿಂದ ಫ್ಲಾರಿಡಾಗೆ ಹೋದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಹೊಸ ಊರಲ್ಲಿ ಮನೆ ಕೊಂಡು, ಲೈಸೆನ್ಸ್ ಮಾಡಿಸಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಹಳೆಯ ರಾಜ್ಯದಿಂದ ನೋಟಿಸು ಬರುತ್ತದೆ. ಹೊಸ ರಾಜ್ಯ ನಿಮ್ಮನ್ನು ಸೇರಿಸಿಕೊಂಡಿತೋ ಇಲ್ಲವೋ ಅನ್ನುವುದು ಹಳೆಯ ರಾಜ್ಯಕ್ಕೆ ಬೇಕಿಲ್ಲ. ನೀವು ಅಲ್ಲಿಂದ ನಿಜವಾಗಿ ಗಂಟುಮೂಟೆ ಕಟ್ಟಿದಿರಾ ಅಂತ ಕೇಳುತ್ತದೆ, ಮತ್ತು ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ ಹೊರಿಸುತ್ತದೆ.

ಹಾಗಾಗಿ ಇಲ್ಲಿನ ಕ್ರಮ ಮುಖ್ಯ. ಲೆಕ್ಕ ಮೊದಲು, ಬಿಡುವುದು ಆಮೇಲೆ, ಸೇರುವುದು ಅದರ ಜೊತೆಜೊತೆಗೆ, ದೊಡ್ಡ ಮಾರಾಟಗಳು ಕೊನೆಗೆ. ಈ ಸಾಲು ತಪ್ಪಿದರೆ ಉಳಿದದ್ದೆಲ್ಲ ಸರಿಯಾಗಿ ಮಾಡಿದರೂ ದುಡ್ಡು ಹೋಗುತ್ತದೆ.

ಮೊದಲು ಕೈಯಲ್ಲಿರಬೇಕಾದವು

ಕಳೆದ ಮೂರು ವರ್ಷದ ಫೆಡರಲ್ ಮತ್ತು ರಾಜ್ಯದ ರಿಟರ್ನ್‌ಗಳು. 401ಕೆ (ಕಂಪನಿಯ ಮೂಲಕ ಕೂಡಿಡುವ ನಿವೃತ್ತಿ ಉಳಿತಾಯ), ಐಆರ್‌ಎ (ಸ್ವಂತವಾಗಿ ತೆರೆಯುವ ನಿವೃತ್ತಿ ಖಾತೆ), ಪಿಂಚಣಿ, ಷೇರು ಖಾತೆಗಳ ಪಟ್ಟಿ. ಕಂಪನಿ ಕೊಟ್ಟ ಷೇರುಗಳಿದ್ದರೆ ಅವು ಮಂಜೂರಾದ ದಿನ, ಕೈಗೆ ಬಂದ ದಿನ ಎರಡೂ ಇರುವ ಕಾಗದ. ಊರಲ್ಲಿ ಸೈಟು, ಮನೆ ಇದ್ದರೆ ಅದರ ಕ್ರಯಪತ್ರ. ಆಟಗಾರರಾದರೆ ಒಪ್ಪಂದದ ಪೂರ್ತಿ ಪ್ರತಿ ಮತ್ತು ತಂಡದ ಪ್ರಯಾಣ ವೇಳಾಪಟ್ಟಿ. ಇವುಗಳ ಜೊತೆಗೆ ಒಂದು ದಿನಚರಿ, ಕಾಗದದ್ದಾಗಲಿ, ಫೋನಿನದ್ದಾಗಲಿ.

ಸಿಪಿಎ, ಅಂದರೆ ತೆರಿಗೆ ನೋಡುವ ಲೆಕ್ಕಪರಿಶೋಧಕರನ್ನು, ಹಿಡಿಯುವುದಾದರೆ ಬಿಟ್ಟುಹೋಗುತ್ತಿರುವ ರಾಜ್ಯದವರನ್ನು ಹಿಡಿಯಿರಿ. ಹೆಚ್ಚಿನವರು ಡಾಲಸ್‌ನಲ್ಲಿ ಇಳಿದ ಮೇಲೆ ಡಾಲಸ್‌ನವರನ್ನೇ ಹುಡುಕುತ್ತಾರೆ. ಟೆಕ್ಸಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ, ಜಗಳ ಬರುವುದು ಕ್ಯಾಲಿಫೋರ್ನಿಯಾದ ಜೊತೆ.

## ಹಂತ 1: ಎರಡು ಪ್ರಶ್ನೆಗಳನ್ನು ಬೇರೆಬೇರೆ ಇಡಿ

ರಾಜ್ಯವೊಂದು ನಿಮ್ಮ ಆದಾಯಕ್ಕೆ ಕೈಹಾಕಲು ಎರಡು ದಾರಿಗಳಿವೆ. ನೀವು ಅಲ್ಲಿನ ನಿವಾಸಿಯಾಗಿದ್ದರೆ ಪ್ರಪಂಚದಲ್ಲಿ ಎಲ್ಲೇ ದುಡಿದರೂ ಅದಕ್ಕೆ ತೆರಿಗೆ. ನಿವಾಸಿಯಲ್ಲದಿದ್ದರೆ, ಆ ರಾಜ್ಯದ ನೆಲದಲ್ಲಿ ಹುಟ್ಟಿದ ಆದಾಯಕ್ಕೆ ಮಾತ್ರ. ಯಾರು ಎಲ್ಲಿಯವರು ಅನ್ನುವುದು ಒಂದು ಪ್ರಶ್ನೆ, ದುಡ್ಡು ಎಲ್ಲಿಯದು ಅನ್ನುವುದು ಇನ್ನೊಂದು.

ನಿವೃತ್ತರ ದುಡ್ಡು ಅವರ ಜೊತೆಯಲ್ಲೇ ನಡೆಯುತ್ತದೆ. 1996ರಲ್ಲಿ ಬಂದ ಫೆಡರಲ್ ಕಾನೂನಿನ ಪ್ರಕಾರ 401ಕೆ, ಅದರಂತೆಯೇ ಶಾಲೆ, ಸರ್ಕಾರಿ ನೌಕರರಿಗಿರುವ 403ಬಿ, 457, ಐಆರ್‌ಎ ಮತ್ತು ಅರ್ಹ ಪಿಂಚಣಿಗಳಿಂದ ಬರುವ ಹಣಕ್ಕೆ, ನೀವು ದುಡಿದ ರಾಜ್ಯ ತೆರಿಗೆ ಹಾಕುವಂತಿಲ್ಲ. ಹಣ ತೆಗೆಯುವಾಗ ನೀವು ವಾಸವಿರುವ ರಾಜ್ಯ ಮಾತ್ರ ಹಾಕಬಹುದು. ಸ್ಯಾನ್ ಹೋಸೆಯಲ್ಲಿ ಮೂವತ್ತು ವರ್ಷ ಕೂಡಿಟ್ಟ 401ಕೆಯನ್ನು ಆಸ್ಟಿನ್‌ನಲ್ಲಿ ಕೂತು ತೆಗೆದರೆ ಕ್ಯಾಲಿಫೋರ್ನಿಯಾಕ್ಕೆ ಒಂದು ಸೆಂಟೂ ಇಲ್ಲ.

ಆಟಗಾರರ ದುಡ್ಡು ಮೈದಾನಕ್ಕೆ ಅಂಟಿಕೊಂಡಿರುತ್ತದೆ. ಮಯಾಮಿಯಲ್ಲಿ ಮನೆ ಇದ್ದರೂ ಲಾಸ್ ಏಂಜಲೀಸ್‌ನಲ್ಲಿ ಆಡಿದ ದಿನದ ಪಾಲು ಕ್ಯಾಲಿಫೋರ್ನಿಯಾದ್ದೇ. ಈ ವ್ಯತ್ಯಾಸ ತಲೆಯಲ್ಲಿ ಕೂರದೆ ಮುಂದಿನ ಹಂತಗಳಿಗೆ ಹೋಗಬೇಡಿ.

ನಿವೃತ್ತರಿಗೂ ಅಂಟಿಕೊಳ್ಳುವ ದುಡ್ಡು ಕೆಲವಿದೆ:

- ಕೆಲಸ ಬಿಟ್ಟ ಮೇಲೆ ಬರುವ ಬೋನಸ್ ಮತ್ತು ಬಾಕಿ ರಜೆಯ ಹಣ, ಅದು ಹಳೆಯ ರಾಜ್ಯದಲ್ಲಿ ಮಾಡಿದ ಕೆಲಸಕ್ಕಾಗಿದ್ದರೆ.
- ಕಂಪನಿ ಷೇರುಗಳು. ಆರ್‌ಎಸ್‌ಯು (ಮೊದಲು ಮಂಜೂರಾಗಿ, ಕೆಲಸ ಮಾಡುತ್ತಾ ಹೋದಂತೆ ಕೈಸೇರುವ ಷೇರು) ಆದರೆ, ಮಂಜೂರಾದ ದಿನದಿಂದ ಕೈಸೇರಿದ ದಿನದವರೆಗೆ ಎಷ್ಟು ಕೆಲಸದ ದಿನ ಕ್ಯಾಲಿಫೋರ್ನಿಯಾದಲ್ಲಿ ಕಳೆದಿರಿ ಎಂಬ ಅನುಪಾತದಲ್ಲಿ ಅಲ್ಲಿಗೆ ತೆರಿಗೆ. ಮೊದಲೇ ಕೈಸೇರಿ, ಖಾತೆಯಲ್ಲಿ ಸುಮ್ಮನೆ ಕೂತಿರುವ ಷೇರನ್ನು ಹೋದ ಮೇಲೆ ಮಾರಿದರೆ ಆ ಲಾಭ ಹೊಸ ರಾಜ್ಯದ್ದು.
- ಬಾಡಿಗೆ, ಮತ್ತು ಜಮೀನು, ಮನೆ ಮಾರಿದ ಲಾಭ. ಆಸ್ತಿ ಇರುವ ರಾಜ್ಯ ಇದನ್ನು ಬಿಡುವುದಿಲ್ಲ.
- ಹಳೆಯ ಕಂಪನಿಗೆ ಮಾಡುವ ಸಲಹಾ ಕೆಲಸ. ಟೆಕ್ಸಸ್‌ನಲ್ಲಿ ಕೂತು ನೌಕರನಾಗಿ ಸಂಬಳ ಪಡೆದರೆ ಅದು ಟೆಕ್ಸಸ್‌ನ ದುಡಿಮೆ. ಅದನ್ನೇ ಸ್ವತಂತ್ರ ಗುತ್ತಿಗೆದಾರನಾಗಿ ಮಾಡಿ 1099 (ಗುತ್ತಿಗೆದಾರರಿಗೆ ಕೊಡುವ ಆದಾಯದ ಫಾರ್ಮ್) ತೆಗೆದುಕೊಂಡರೆ, ಪ್ರಯೋಜನ ಪಡೆದ ಗಿರಾಕಿ ಕ್ಯಾಲಿಫೋರ್ನಿಯಾದಲ್ಲಿದ್ದಾನೆ ಅನ್ನುವ ಕಾರಣಕ್ಕೆ ಅದು ಕ್ಯಾಲಿಫೋರ್ನಿಯಾದ ಆದಾಯ. ಒಂದೇ ಕೆಲಸ, ಒಂದೇ ಕುರ್ಚಿ. ಕಾಗದ ಬೇರೆಯಾದ್ದಕ್ಕೆ ತೆರಿಗೆ ಬೇರೆ. ಈ ಗುಂಡಿಗೆ ಬೀಳುವ ನಿವೃತ್ತ ಎಂಜಿನಿಯರುಗಳು ಬಹಳ.
- ಮುಂದೂಡಿದ ಸಂಬಳ. 401ಕೆಯಂಥ ಅರ್ಹ ಯೋಜನೆಯ ಹೊರಗಿನದ್ದಾದರೆ, ಕನಿಷ್ಠ 10 ವರ್ಷ ಅಥವಾ ಜೀವನಪೂರ್ತಿ, ಹೆಚ್ಚುಕಡಿಮೆ ಸಮಾನ ಕಂತುಗಳಲ್ಲಿ ಬಂದರೆ ಮಾತ್ರ 1996ರ ಕಾನೂನಿನ ರಕ್ಷಣೆ. ಐದು ವರ್ಷದ ಕಂತು ಅಂತ ಆಯ್ಕೆ ಮಾಡಿದ್ದರೆ ಇಲ್ಲ.

ಕೊನೆಯದು ಆಟಗಾರರಿಗೂ ದೊಡ್ಡ ಬಾಗಿಲು. ಬೇಸ್‌ಬಾಲ್ ಆಟಗಾರ ಶೊಹೇ ಒಟಾನಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಜೊತೆ ಮಾಡಿಕೊಂಡ 10 ವರ್ಷದ 70 ಕೋಟಿ ಡಾಲರ್ ಒಪ್ಪಂದದಲ್ಲಿ 68 ಕೋಟಿ ಮುಂದೂಡಿದ್ದು, 2034ರಿಂದ 2043ರವರೆಗೆ ವರ್ಷಕ್ಕೆ 6.8 ಕೋಟಿಯಂತೆ ಬರುತ್ತದೆ. ಎಣಿಸಿದರೆ ಸರಿಯಾಗಿ ಹತ್ತು ಸಮಾನ ಕಂತು. ಆ ಹೊತ್ತಿಗೆ ಅವರು ಕ್ಯಾಲಿಫೋರ್ನಿಯಾದ ನಿವಾಸಿಯಾಗಿರದಿದ್ದರೆ ರಾಜ್ಯದ ಕೈಗೆ ಅದು ಸಿಗದೆ ಹೋಗಬಹುದು ಎಂಬ ಆತಂಕದಿಂದಲೇ 2024ರಲ್ಲಿ ಅಲ್ಲಿನ ಕಂಟ್ರೋಲರ್ (ರಾಜ್ಯದ ಹಣಕಾಸು ಅಧಿಕಾರಿ) ಇಂಥ ಮುಂದೂಡಿಕೆಗೆ ಮಿತಿ ಹಾಕಬೇಕೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸನ್ನು ಕೇಳಿದರು.

## ಹಂತ 2: ಹೋಗುವುದರಿಂದ ಉಳಿಯುತ್ತದೆಯೇ, ಲೆಕ್ಕ ಹಾಕಿ

ದುಡಿಮೆಯ ಆದಾಯಕ್ಕೆ ತೆರಿಗೆ ಇಲ್ಲದವು ಒಂಬತ್ತು: ಅಲಾಸ್ಕಾ, ಫ್ಲಾರಿಡಾ, ನೆವಾಡಾ, ನ್ಯೂ ಹ್ಯಾಂಪ್‌ಶೈರ್, ಸೌತ್ ಡಕೋಟಾ, ಟೆನೆಸ್ಸೀ, ಟೆಕ್ಸಸ್, ವಾಷಿಂಗ್ಟನ್, ವಯೋಮಿಂಗ್. ಇದರಲ್ಲಿ ವಾಷಿಂಗ್ಟನ್ ರಾಜ್ಯವನ್ನು ಕಣ್ಣುಮುಚ್ಚಿ ಆರಿಸಬೇಡಿ. ಷೇರಿನ ದೀರ್ಘಾವಧಿ ಲಾಭ ಒಂದು ಮಿತಿ ದಾಟಿದರೆ ಅಲ್ಲಿ ಶೇ 7 ತೆರಿಗೆ ಇದೆ, 2025ರಿಂದ ಹತ್ತು ಲಕ್ಷ ಡಾಲರ್ ಮೇಲಿನ ಲಾಭಕ್ಕೆ ಶೇ 9.9. ಸಾಲದ್ದಕ್ಕೆ ಸತ್ತ ಮೇಲೆ ಉತ್ತರಾಧಿಕಾರದ ಆಸ್ತಿಗೆ ರಾಜ್ಯದ್ದೇ ತೆರಿಗೆಯೂ ಉಂಟು.

ಈಗ ಹೆಚ್ಚು ಜನ ಮಾಡದೇ ಬಿಡುವ ಲೆಕ್ಕ. 65 ದಾಟಿದ ಗಂಡ-ಹೆಂಡತಿ, 401ಕೆಯಿಂದ ವರ್ಷಕ್ಕೆ 60,000 ಡಾಲರ್, ಸೋಷಿಯಲ್ ಸೆಕ್ಯೂರಿಟಿಯಿಂದ (ಸರ್ಕಾರದ ವೃದ್ಧಾಪ್ಯ ಪಿಂಚಣಿ) 45,000 ಅಂತಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾ ಸೋಷಿಯಲ್ ಸೆಕ್ಯೂರಿಟಿಗೆ ತೆರಿಗೆ ಹಾಕುವುದೇ ಇಲ್ಲ. 60,000ದಲ್ಲಿ 2024ರ ಪ್ರಮಾಣಿತ ಕಡಿತ 11,080 ಹೋದರೆ ಉಳಿಯುವುದು 48,920. ಅದರ ಮೇಲಿನ ತೆರಿಗೆ ಸುಮಾರು 763 ಡಾಲರ್. ಇಬ್ಬರ ವೈಯಕ್ತಿಕ ರಿಯಾಯಿತಿ, ಹಿರಿಯರ ರಿಯಾಯಿತಿ ಸೇರಿ 596 ಕಳೆದರೆ ಕಟ್ಟಬೇಕಾದ್ದು 167 ಡಾಲರ್.

ಈ ನೂರಚಿಲ್ಲರೆ ಡಾಲರ್ ಉಳಿಸಲು ಡಾಲಸ್ ಉಪನಗರದಲ್ಲಿ 6 ಲಕ್ಷ ಡಾಲರ್ ಮನೆ ಕೊಂಡರೆ, ವಿನಾಯಿತಿ ಕಳೆದೂ ಆಸ್ತಿ ತೆರಿಗೆ ಎಂಟು-ಹತ್ತು ಸಾವಿರ ಆಗಬಹುದು. ಇಪ್ಪತ್ತೈದು ವರ್ಷದ ಹಿಂದೆ ಕೊಂಡ ಕ್ಯಾಲಿಫೋರ್ನಿಯಾದ ಮನೆಗೆ ತೆರಿಗೆಯ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಏರುವುದಿಲ್ಲ. ಮಾರಿದ ದಿನ ಆ ಹಳೆಯ ಬೆಲೆಯೂ ಹೋಯಿತು. ಮೊಮ್ಮಕ್ಕಳ ಹತ್ತಿರ ಇರಬೇಕು ಅಂತ ಹೋಗುವವರು ಸಂತೋಷವಾಗಿ ಹೋಗಲಿ. ತೆರಿಗೆಗಾಗಿ ಹೋಗುವವರು ಈ ಲೆಕ್ಕ ಹಾಕದೆ ಟ್ರಕ್ ಬುಕ್ ಮಾಡಬಾರದು.

ನ್ಯೂಜೆರ್ಸಿಯಲ್ಲೂ ಇದೇ ಕಥೆ. 62 ದಾಟಿದ ದಂಪತಿಯ ಒಟ್ಟು ಆದಾಯ 1 ಲಕ್ಷ ಡಾಲರ್ ಒಳಗಿದ್ದರೆ ಪಿಂಚಣಿ, 401ಕೆ ಹಣ 1 ಲಕ್ಷದವರೆಗೆ ತೆರಿಗೆಯಿಂದ ಹೊರಗೆ. ಆದಾಯ 1.5 ಲಕ್ಷ ದಾಟಿದರೆ ಈ ಸೌಲಭ್ಯವೇ ಇಲ್ಲ. ಇಲಿನಾಯ್ ಮತ್ತು ಪೆನ್ಸಿಲ್ವೇನಿಯಾ ಆದಾಯ ತೆರಿಗೆ ಇರುವ ರಾಜ್ಯಗಳಾದರೂ ನಿವೃತ್ತಿಯ ಆದಾಯವನ್ನು ಮುಟ್ಟುವುದಿಲ್ಲ. ಚಿಕಾಗೋದಲ್ಲಿ ಬರೀ ಪಿಂಚಣಿಯ ಮೇಲೆ ಬದುಕುವವರು ತೆರಿಗೆಯ ನೆಪದಲ್ಲಿ ಫ್ಲಾರಿಡಾಗೆ ಓಡಬೇಕಿಲ್ಲ.

ನಿಜವಾಗಿ ಉಳಿಯುವುದು ಯಾರಿಗೆ? ದೊಡ್ಡ ಷೇರು ಲಾಭ ಇರುವವರಿಗೆ, ಐಆರ್‌ಎಯನ್ನು ದೊಡ್ಡ ಮೊತ್ತದಲ್ಲಿ ರಾತ್‌ಗೆ (ಈಗಲೇ ತೆರಿಗೆ ಕಟ್ಟಿ, ಆಮೇಲೆ ತೆರಿಗೆಯಿಲ್ಲದೆ ತೆಗೆಯುವ ಖಾತೆ) ಬದಲಾಯಿಸುವವರಿಗೆ, 73 ವಯಸ್ಸಿನ ನಂತರ ನಿವೃತ್ತಿ ಖಾತೆಯಿಂದ ಮಾಡಬೇಕಾದ ಕಡ್ಡಾಯ ಹಿಂಪಡೆತ ಲಕ್ಷಗಟ್ಟಲೆ ಇರುವವರಿಗೆ, ಮತ್ತು ಬೆಂಗಳೂರಿನಲ್ಲಿ ಸೈಟು ಮಾರಲಿರುವವರಿಗೆ.

## ಹಂತ 3: ಯಾವುದು ಹೋಗುವ ಮೊದಲು, ಯಾವುದು ಹೋದ ಮೇಲೆ

ಬೆಂಗಳೂರಿನ ಸೈಟಿನ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫೆಡರಲ್ ರಿಟರ್ನ್‌ನಲ್ಲಿ ಫಾರ್ಮ್ 1116 ಮೂಲಕ ರಿಯಾಯಿತಿ ಸಿಗುತ್ತದೆ. ಕ್ಯಾಲಿಫೋರ್ನಿಯಾ ವಿದೇಶಕ್ಕೆ ಕಟ್ಟಿದ ತೆರಿಗೆಗೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ, ಷೇರು-ಆಸ್ತಿ ಲಾಭಕ್ಕೆ ಕಡಿಮೆ ದರವೂ ಅಲ್ಲಿಲ್ಲ, ಸಂಬಳದ ದರವೇ. ಮೇಲಿನ ದಂಪತಿಯೇ ಜೆ.ಪಿ. ನಗರದ ಸೈಟು ಮಾರಿ 5 ಲಕ್ಷ ಡಾಲರ್ ಲಾಭ ಮಾಡಿದರೆ, ಭಾರತದ ತೆರಿಗೆಯ ಮೇಲೆ ಕ್ಯಾಲಿಫೋರ್ನಿಯಾಕ್ಕೇ ಸುಮಾರು 44,000 ಡಾಲರ್ ಹೋಗುತ್ತದೆ. ಟೆಕ್ಸಸ್ ನಿವಾಸಿಯಾದ ಮೇಲೆ ಮಾರಿದರೆ ರಾಜ್ಯದ ತೆರಿಗೆ ಸೊನ್ನೆ. 167 ಡಾಲರ್‌ಗಾಗಿ ಊರು ಬಿಡುವುದು ತಪ್ಪು ಲೆಕ್ಕ; 44,000ಕ್ಕಾಗಿ ಮಾರಾಟವನ್ನು ಎಂಟು ತಿಂಗಳು ತಡೆಯುವುದು ಸರಿಯಾದ ಲೆಕ್ಕ.

ಎಚ್ಚರ: ಪೂರ್ತಿ ಹಣ ಪಡೆದು ಸ್ವಾಧೀನವನ್ನೂ ಬಿಟ್ಟುಕೊಟ್ಟು, ನೋಂದಣಿಯನ್ನು ಮಾತ್ರ ಹೋದ ಮೇಲೆ ಇಟ್ಟುಕೊಂಡರೆ ಮಾರಾಟ ಮೊದಲೇ ಆಗಿದೆ ಅಂತ ಆಡಿಟರ್ ವಾದಿಸುತ್ತಾರೆ. ಮುಂಗಡಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ.

ಹೋದ ಮೇಲೆ ಮಾಡುವವು: ಷೇರು ಮಾರಾಟ, ರಾತ್ ಪರಿವರ್ತನೆ, ಐಆರ್‌ಎಯಿಂದ ದೊಡ್ಡ ಹಿಂಪಡೆತ, ವಿದೇಶದ ಆಸ್ತಿ ಮಾರಾಟ.

ಹಳೆಯ ರಾಜ್ಯದ ಮನೆಯನ್ನು ಮಾತ್ರ ಹೆಚ್ಚು ತಡಮಾಡದೆ ಮಾರಿ. ಅದರ ಲಾಭ ಎಲ್ಲಿಗೆ ಹೋದರೂ ಆ ರಾಜ್ಯದ್ದೇ. ಐದು ವರ್ಷದಲ್ಲಿ ಎರಡು ವರ್ಷ ವಾಸವಿದ್ದ ಮನೆಯಾದರೆ ದಂಪತಿಗೆ 5 ಲಕ್ಷ ಡಾಲರ್ ಲಾಭದವರೆಗೆ ವಿನಾಯಿತಿ; ಬಾಡಿಗೆಗೆ ಕೊಟ್ಟು ಮೂರು ವರ್ಷ ದಾಟಿಸಿದರೆ ಅದು ಕೈತಪ್ಪುತ್ತದೆ. ನ್ಯೂಜೆರ್ಸಿಯಲ್ಲಿ ಇದನ್ನು ‘ಎಕ್ಸಿಟ್ ಟ್ಯಾಕ್ಸ್’ ಅಂತ ಹೆದರಿಸುತ್ತಾರೆ. ಅದು ಹೊಸ ತೆರಿಗೆಯಲ್ಲ, ಮುಂಗಡ. ನಿವಾಸಿಯಲ್ಲದವರು ಮಾರುವಾಗ ಲಾಭದ ಶೇ 10.75 ಅಥವಾ ಬೆಲೆಯ ಶೇ 2, ಯಾವುದು ಹೆಚ್ಚೋ ಅದನ್ನು ಹಿಡಿದಿಡುತ್ತಾರೆ, ರಿಟರ್ನ್ ಹಾಕಿದಾಗ ಹೆಚ್ಚಿನದು ವಾಪಸು. ಸ್ವಂತ ವಾಸದ ಮನೆಯಾದರೆ ಜಿಐಟಿ/ಆರ್‌ಇಪಿ-3 ಫಾರ್ಮ್ ಕೊಟ್ಟು ಹಿಡಿತವನ್ನೇ ತಪ್ಪಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಸಮನಾದದ್ದು ಫಾರ್ಮ್ 593, ಹಿಡಿತ ಬೆಲೆಯ ಶೇ 3⅓.

## ಹಂತ 4: ಹಳೆಯ ರಾಜ್ಯದಿಂದ ಬೇರು ಕೀಳಿ

ಖಾಯಂ ನೆಲೆ ಎನ್ನುವುದು ಒಂದೇ ಇರುತ್ತದೆ. ಹೊಸದನ್ನು ಪಡೆಯುವವರೆಗೆ ಹಳೆಯದು ಹೋಗುವುದಿಲ್ಲ, ಮತ್ತು ಮತ್ತೆ ಹಿಂತಿರುಗುವ ಯೋಚನೆ ಇಲ್ಲ ಅನ್ನುವುದು ನಡೆಯಲ್ಲಿ ಕಾಣಬೇಕು. ನ್ಯೂಯಾರ್ಕ್ ಐದು ಸಂಗತಿ ನೋಡುತ್ತದೆ: ಮನೆ, ವ್ಯವಹಾರ, ಕಳೆದ ಸಮಯ, ಪ್ರೀತಿಯ ವಸ್ತುಗಳು, ಕುಟುಂಬ.

ಮನೆಯಲ್ಲಿ ನೋಡುವುದು ಅಳತೆ ಮತ್ತು ಬಳಕೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾಲ್ಕು ಕೋಣೆಯ ಮನೆ ಇಟ್ಟುಕೊಂಡು ಫ್ಲಾರಿಡಾದ ಟ್ಯಾಂಪಾದಲ್ಲಿ ಒಂದು ಕೋಣೆಯ ಕಾಂಡೋ ಕೊಂಡರೆ ಯಾವುದು ಮನೆ, ಯಾವುದು ಬಿಡಾರ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಪ್ರೀತಿಯ ವಸ್ತುಗಳ ವಿಷಯ ಕೇಳಿ ಕೆಲವರಿಗೆ ಅಚ್ಚರಿಯಾಗುತ್ತದೆ. ಆಡಿಟರ್ ನಿಜವಾಗಿಯೂ ಕೇಳುತ್ತಾರೆ. ದೇವರ ಮನೆಯ ವಿಗ್ರಹಗಳು, ಅಜ್ಜಿಯ ಕಾಲದ ಬೆಳ್ಳಿ ದೀಪ, ವೀಣೆ, ಮದುವೆಯ ಆಲ್ಬಂ, ರೇಷ್ಮೆ ಸೀರೆಗಳ ಬೀರು, ಬ್ಯಾಂಕ್ ಲಾಕರಿನ ಚಿನ್ನ: ಇವು ಎಲ್ಲಿವೆಯೋ ನಿಮ್ಮ ಮನೆ ಅಲ್ಲೇ ಅನ್ನುವುದು ಅವರ ತರ್ಕ, ಮತ್ತು ಅದು ತಪ್ಪೇನಲ್ಲ. ಸೋಫಾ, ಟಿವಿ ಬಿಟ್ಟುಹೋದರೂ ನಡೆಯುತ್ತದೆ. ಇವನ್ನು ಮೊದಲು ಸಾಗಿಸಿ. ಸಾಗಣೆ ಕಂಪನಿ ಬರೆದುಕೊಡುವ ಸಾಮಾನಿನ ಪಟ್ಟಿಯಲ್ಲಿ ‘ಪೆಟ್ಟಿಗೆ 14, ಅಡುಗೆ’ ಅಂತ ಬರೆಸಿ ಬಿಡದೆ, ಈ ವಸ್ತುಗಳನ್ನು ಹೆಸರು ಹಿಡಿದು ಬರೆಸಿ. ಆ ಹಾಳೆ, ತೂಕದ ರಸೀತಿ, ಇಳಿಸಿದ ದಿನಾಂಕ ಮೂರನ್ನೂ ಏಳು ವರ್ಷ ಇಟ್ಟುಕೊಳ್ಳಿ. ಲಾಕರ್ ಮುಚ್ಚಿದ ರಸೀತಿಯೂ ಜೊತೆಗಿರಲಿ.

ಕುಟುಂಬ ಒಡೆದರೆ ತೊಂದರೆ ದೊಡ್ಡದು. ಗಂಡ ಟೆಕ್ಸಸ್‌ಗೆ ಹೋಗಿ ಕೆಲಸಕ್ಕೆ ಸೇರಿ, ಹೆಂಡತಿ ಮಗಳ ಹೈಸ್ಕೂಲ್ ಮುಗಿಯಲಿ ಅಂತ ಕ್ಯಾಲಿಫೋರ್ನಿಯಾದಲ್ಲಿ ಉಳಿದರೆ, ಮಗಳ ಶಾಲೆಯೇ ಗಂಡನ ವಿರುದ್ಧ ಸಾಕ್ಷಿಯಾಗುತ್ತದೆ. ಅದರ ಮೇಲೆ ಇನ್ನೊಂದು: ಎರಡೂ ರಾಜ್ಯಗಳಲ್ಲಿ ದಂಪತಿಯ ದುಡಿಮೆ ಇಬ್ಬರಿಗೂ ಸಮಪಾಲು ಅನ್ನುವ ಕಾನೂನಿದೆ. ಹಾಗಾಗಿ ಗಂಡ ನಿಜವಾಗಿ ಟೆಕ್ಸಸ್‌ನವನಾದರೂ ಅವನ ಸಂಬಳದ ಅರ್ಧ ಹೆಂಡತಿಯದು, ಅವಳು ಕ್ಯಾಲಿಫೋರ್ನಿಯಾದವಳು, ಆ ಅರ್ಧಕ್ಕೆ ಅಲ್ಲಿ ತೆರಿಗೆ.

ಎಲ್ಲಕ್ಕಿಂತ ಮೂರ್ಖ ತಪ್ಪು, ಎಲ್ಲಕ್ಕಿಂತ ಸಾಮಾನ್ಯವೂ ಹೌದು: ಹಳೆಯ ಮನೆಯ ಮೇಲೆ ಸ್ವಂತ ವಾಸದ ಆಸ್ತಿ ತೆರಿಗೆ ವಿನಾಯಿತಿಯನ್ನು ಹಾಗೇ ಬಿಡುವುದು. ನ್ಯೂಯಾರ್ಕ್‌ನ ಸ್ಟಾರ್, ಕ್ಯಾಲಿಫೋರ್ನಿಯಾದ ಹೋಮ್‌ಓನರ್ಸ್ ವಿನಾಯಿತಿ, ನ್ಯೂಜೆರ್ಸಿಯ ಆಂಕರ್ ಎಲ್ಲವೂ ‘ಇದು ನನ್ನ ಮುಖ್ಯ ಮನೆ’ ಅನ್ನುವ ನಿಮ್ಮದೇ ಹೇಳಿಕೆ. ಅದೇ ವರ್ಷ ಫ್ಲಾರಿಡಾದಲ್ಲಿ ಹೋಮ್‌ಸ್ಟೆಡ್ (ಇದೇ ಬಗೆಯ ಸ್ವಂತ ವಾಸದ ವಿನಾಯಿತಿ) ಪಡೆದರೆ ಎರಡೂ ಕಡೆ ಸಿಕ್ಕಿಬೀಳುತ್ತೀರಿ. ಫ್ಲಾರಿಡಾ ಹತ್ತು ವರ್ಷದವರೆಗಿನ ಬಾಕಿಯನ್ನು ಶೇ 50 ದಂಡ, ವರ್ಷಕ್ಕೆ ಶೇ 15 ಬಡ್ಡಿ ಸಮೇತ ವಸೂಲಿ ಮಾಡಬಹುದು.

## ಹಂತ 5: ಹೊಸ ರಾಜ್ಯದಲ್ಲಿ ಮೊದಲ 90 ದಿನ

ಫ್ಲಾರಿಡಾದಲ್ಲಿ 30 ದಿನದೊಳಗೆ ಲೈಸೆನ್ಸ್. ಟೆಕ್ಸಸ್‌ನಲ್ಲಿ 30 ದಿನದೊಳಗೆ ವಾಹನ ನೋಂದಣಿ, 90 ದಿನದೊಳಗೆ ಲೈಸೆನ್ಸ್. ಹಳೆಯ ಲೈಸೆನ್ಸನ್ನು ಒಪ್ಪಿಸಿ.

ಫ್ಲಾರಿಡಾದಲ್ಲಿ ಕೌಂಟಿಯ ಸರ್ಕ್ಯೂಟ್ ಕೋರ್ಟ್ ಕ್ಲರ್ಕ್ ಬಳಿ ನೆಲೆಯ ಘೋಷಣಾಪತ್ರ ನೋಂದಾಯಿಸಬಹುದು. ಹೋಮ್‌ಸ್ಟೆಡ್‌ಗೆ ಜನವರಿ 1ರಂದು ಮನೆ ನಿಮ್ಮದಾಗಿದ್ದು ಅಲ್ಲೇ ವಾಸವಿರಬೇಕು, ಅರ್ಜಿ ಮಾರ್ಚ್ 1ರೊಳಗೆ. ಜನವರಿ 5ಕ್ಕೆ ಮನೆ ಕೊಂಡರೆ ಒಂದು ವರ್ಷ ಕೈಬಿಟ್ಟಂತೆ, ಹಾಗಾಗಿ ಡಿಸೆಂಬರ್‌ನಲ್ಲಿ ಮುಗಿಸಿ. ಟೆಕ್ಸಸ್‌ನಲ್ಲಿ ಘೋಷಣಾಪತ್ರದ ಪದ್ಧತಿ ಇಲ್ಲ. ಅಲ್ಲಿ ಶಾಲಾ ತೆರಿಗೆಯ ಹೋಮ್‌ಸ್ಟೆಡ್ ವಿನಾಯಿತಿ 2023ರಲ್ಲಿ 1 ಲಕ್ಷ ಡಾಲರ್‌ಗೆ, 2025ರಲ್ಲಿ 1.4 ಲಕ್ಷಕ್ಕೆ ಏರಿತು. 65 ದಾಟಿದವರು ತಮ್ಮ ಹೆಚ್ಚುವರಿ ವಿನಾಯಿತಿಯನ್ನು ಕೇಳಿ ಪಡೆಯಬೇಕು.

ಗ್ರೀನ್ ಕಾರ್ಡಿನವರು, ವೀಸಾದವರು ಇದನ್ನು ಎರಡು ಸಲ ಓದಿ. ‘ಮತದಾರರ ಪಟ್ಟಿಗೆ ಸೇರಿ, ನೆಲೆಗೆ ಒಳ್ಳೆಯ ಸಾಕ್ಷಿ’ ಎಂಬ ಸಲಹೆ ನಾಗರಿಕರಿಗೆ ಮಾತ್ರ. ಲೈಸೆನ್ಸ್ ಕಚೇರಿಯಲ್ಲಿ ಕೇಳಿದಾಗ ಬೇಡ ಅನ್ನಿ, ಕಾಗದದಲ್ಲಿ ಆ ಚೌಕ ಖಾಲಿ ಇದೆಯೇ ನೋಡಿ ಸಹಿ ಹಾಕಿ. ತಪ್ಪಾಗಿ ಸೇರಿಕೊಂಡರೆ ತೆರಿಗೆಯಲ್ಲ, ವಲಸೆ ಸ್ಥಾನಮಾನವೇ ಅಪಾಯಕ್ಕೆ ಬೀಳುತ್ತದೆ. ನೀವು ಮಾಡಬೇಕಾದ್ದು ವಲಸೆ ಇಲಾಖೆಯ ಎಆರ್-11 ಫಾರ್ಮಿನಲ್ಲಿ 10 ದಿನದೊಳಗೆ ವಿಳಾಸ ಬದಲಾವಣೆ.

ನಂತರ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ವಿಳಾಸ ಬದಲಾವಣೆಯ ಫಾರ್ಮ್ 8822, ಬ್ಯಾಂಕು, ಬ್ರೋಕರೇಜ್, ವಿಮೆ, ವಿಲ್. ವೈದ್ಯರು, ದಂತವೈದ್ಯರು, ದೇವಸ್ಥಾನ, ಕನ್ನಡ ಸಂಘದ ಸದಸ್ಯತ್ವ ಎಲ್ಲವೂ ಹೊಸ ಊರಿಗೆ.

## ಹಂತ 6: ದಿನಗಳ ಲೆಕ್ಕ

ನೆಲೆ ಬದಲಾದರೂ ನ್ಯೂಯಾರ್ಕ್, ನ್ಯೂಜೆರ್ಸಿ ಎರಡನೆಯ ಬಲೆ ಇಟ್ಟಿವೆ: ಅಲ್ಲಿ ಖಾಯಂ ವಾಸಕ್ಕೆ ತಕ್ಕ ಮನೆ ಇದ್ದು, ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ ನಿವಾಸಿ ಅಂತಲೇ ಎಣಿಕೆ. ನ್ಯೂಯಾರ್ಕ್‌ನಲ್ಲಿ ಆ ಮನೆ ವರ್ಷದ 10 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮ ಕೈಯಲ್ಲಿರಬೇಕು.

ದಿನದ ತುಣುಕೂ ಪೂರ್ತಿ ದಿನ. ರಾತ್ರಿ 11.40ಕ್ಕೆ ಜೆಎಫ್‌ಕೆಯಲ್ಲಿ ಇಳಿದು ಕ್ವೀನ್ಸ್‌ನಲ್ಲಿ ಮಲಗಿದರೆ ಆ ಇಪ್ಪತ್ತು ನಿಮಿಷಕ್ಕೆ ಒಂದು ದಿನ. ವಿಮಾನ ಬದಲಿಸಲು ಮಾತ್ರ ಇಳಿದದ್ದು, ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದದ್ದು ಎಣಿಕೆಗಿಲ್ಲ. 183ರ ಅಂಚಿಗೆ ಹೋಗಬೇಡಿ, 150ರಲ್ಲಿ ನಿಲ್ಲಿಸಿ. ಫೋನ್ ಟವರಿನ ದಾಖಲೆ, ಕ್ರೆಡಿಟ್ ಕಾರ್ಡ್, ಇ-ಝಡ್‌ಪಾಸ್ ಟೋಲ್ ಎಲ್ಲವನ್ನೂ ಅವರು ತರಿಸಿ ನೋಡುತ್ತಾರೆ. ಮಗ ನಿಮ್ಮ ಹೆಸರಿನ ಟೋಲ್ ಟ್ಯಾಗ್ ಬಳಸುತ್ತಿದ್ದರೆ ಅವನ ಓಡಾಟವೆಲ್ಲ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 183ರ ನಿಯಮವೇ ಇಲ್ಲ. ‘ಆರು ತಿಂಗಳ ಒಳಗಿದ್ದರೆ ಸಾಕು’ ಎಂಬ ಮಾತು ಅಲ್ಲಿ ನಂಬಬೇಡಿ. ಒಂಬತ್ತು ತಿಂಗಳು ದಾಟಿದರೆ ನಿವಾಸಿ ಎಂಬ ಊಹೆ ಇದೆ. ಅದಕ್ಕಿಂತ ಕಡಿಮೆ ಇದ್ದರೂ ಗಾಢ ಸಂಬಂಧ ಎಲ್ಲಿದೆ ಅಂತ ತೂಗುತ್ತಾರೆ.

## ಹಂತ 7: ಆಟಗಾರರ ಲೆಕ್ಕ ಬೇರೆ

ತಂಡದ ಕ್ರೀಡೆಗಳಲ್ಲಿ ರಾಜ್ಯಗಳು ಸಂಬಳ ಹಂಚುವುದು ಡ್ಯೂಟಿ ದಿನಗಳ ಮೇಲೆ. ಋತುವಿನ ಮುಂಚಿನ ಅಧಿಕೃತ ತರಬೇತಿ ಶುರುವಾದ ದಿನದಿಂದ ಕೊನೆಯ ಪಂದ್ಯದವರೆಗೆ ತಂಡಕ್ಕಾಗಿ ಕಳೆದ ದಿನಗಳೆಲ್ಲ ಒಟ್ಟು. ಪಂದ್ಯ, ಅಭ್ಯಾಸ, ತಂಡದ ಸಭೆ ನಡೆದ ದಿನ ಆ ರಾಜ್ಯದ್ದು. ಪಂದ್ಯ, ಅಭ್ಯಾಸ ಏನೂ ಇಲ್ಲದ ಬರೀ ಪ್ರಯಾಣದ ದಿನ ಒಟ್ಟಿಗೆ ಸೇರುತ್ತದೆ, ಸಾಮಾನ್ಯವಾಗಿ ಯಾವ ರಾಜ್ಯಕ್ಕೂ ಸೇರುವುದಿಲ್ಲ. ಗಾಯಗೊಂಡು ಮನೆಯಲ್ಲಿದ್ದ ದಿನವೂ ಹಾಗೇ.

ಫ್ಲಾರಿಡಾ ತಂಡದ, ಫ್ಲಾರಿಡಾ ನಿವಾಸಿ ಆಟಗಾರನ ಸಂಬಳ 40 ಲಕ್ಷ ಡಾಲರ್, ಡ್ಯೂಟಿ ದಿನ 200, ಕ್ಯಾಲಿಫೋರ್ನಿಯಾದಲ್ಲಿ 12 ಅನ್ನಿ. 200ರಲ್ಲಿ 12, ಅಂದರೆ 2,40,000 ಡಾಲರ್ ಕ್ಯಾಲಿಫೋರ್ನಿಯಾದ ಆದಾಯ. ಇಲ್ಲಿ ಎಲ್ಲರೂ ಮಾಡುವ ತಪ್ಪು, 2,40,000ಕ್ಕೆ ಎಷ್ಟು ದರವೋ ಅಷ್ಟು ಅಂದುಕೊಳ್ಳುವುದು. ಕ್ಯಾಲಿಫೋರ್ನಿಯಾ ಪೂರ್ತಿ 40 ಲಕ್ಷಕ್ಕೆ ತೆರಿಗೆ ಲೆಕ್ಕಹಾಕಿ ಅದರ ಸರಾಸರಿ ದರವನ್ನು ಈ ಪಾಲಿಗೆ ಹಚ್ಚುತ್ತದೆ. ಹನ್ನೆರಡು ದಿನಕ್ಕೆ ಸುಮಾರು 28,000 ಡಾಲರ್. ಸ್ವಂತ ರಾಜ್ಯದಲ್ಲಿ ತೆರಿಗೆ ಇದ್ದವರಿಗೆ ಅಲ್ಲಿ ರಿಯಾಯಿತಿ ಸಿಗುತ್ತದೆ. ಫ್ಲಾರಿಡಾದವನಿಗೆ ಎಲ್ಲಿಂದಲೂ ಸಿಗುವುದಿಲ್ಲ, ಕೈಯಿಂದಲೇ ಹೋಯಿತು.

ಇನ್ನು ಕ್ಯಾಲಿಫೋರ್ನಿಯಾ ತಂಡಕ್ಕೆ ಆಡಿ ನೆವಾಡಾದ ಲಾಸ್ ವೇಗಸ್‌ನಲ್ಲಿ ಮನೆ ಮಾಡಿದವರು. ತವರಿನ ಪಂದ್ಯ, ಅಭ್ಯಾಸ ಎಲ್ಲ ಕ್ಯಾಲಿಫೋರ್ನಿಯಾದ್ದೇ ಆದ್ದರಿಂದ ಸಂಬಳದ ದೊಡ್ಡ ಪಾಲು ತಪ್ಪುವುದಿಲ್ಲ. ಅವರಿಗೆ ಲಾಭವಾಗುವುದು ಹೂಡಿಕೆಯ ಆದಾಯ, ತೆರಿಗೆ ಇಲ್ಲದ ರಾಜ್ಯಗಳಲ್ಲಿ ಆಡಿದ ದಿನಗಳು, ಹೆಸರು-ಚಿತ್ರದ ರಾಯಧನ ಮತ್ತು ಸಹಿ ಬೋನಸ್‌ನಲ್ಲಿ.

ಸಹಿ ಬೋನಸ್ ಡ್ಯೂಟಿ ದಿನದ ಲೆಕ್ಕದಿಂದ ಹೊರಗುಳಿಯಲು ಮೂರು ಷರತ್ತು ಒಟ್ಟಿಗೆ ಇರಬೇಕು: ಆಡಿದರೆ ಮಾತ್ರ ಎಂಬ ಕಟ್ಟುಪಾಡು ಇರಬಾರದು, ಸಂಬಳದಿಂದ ಬೇರೆಯಾಗಿ ಪಾವತಿಯಾಗಬೇಕು, ವಾಪಸು ಕೊಡುವಂತಿರಬಾರದು. ಹಾಗಿದ್ದರೆ ಅದು ವಾಸದ ರಾಜ್ಯಕ್ಕೆ ಮಾತ್ರ. ಆಟ ಅರ್ಧಕ್ಕೆ ಬಿಟ್ಟರೆ ಹಿಂತಿರುಗಿಸಬೇಕು ಎಂಬ ಒಂದು ವಾಕ್ಯ ಒಪ್ಪಂದದಲ್ಲಿ ನುಸುಳಿದರೆ ಕೆಟ್ಟಿತು. ಸಹಿಯ ದಿನಕ್ಕೆ ಮುಂಚೆಯೇ ನೆಲೆ ಬದಲಾಗಿರಬೇಕು, ಚೆಕ್ ಬಂದ ಮೇಲೆ ಟ್ರಕ್ ಕರೆಸಿ ಪ್ರಯೋಜನವಿಲ್ಲ.

ನಗರಗಳನ್ನೂ ಮರೆಯಬೇಡಿ. ಫಿಲಡೆಲ್ಫಿಯಾ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ ಹೊರಗಿನವರ ದುಡಿಮೆಗೂ ತೆರಿಗೆ ಹಾಕುತ್ತವೆ. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಡ್ಯೂಟಿ ದಿನ ಬಿಟ್ಟು ಪಂದ್ಯಗಳ ಸಂಖ್ಯೆಯಿಂದ ಭಾಗಿಸಿ ಹೆಚ್ಚು ವಸೂಲಿ ಮಾಡುತ್ತಿತ್ತು. ಚಿಕಾಗೋ ಬೇರ್ಸ್ ಫುಟ್‌ಬಾಲ್ ತಂಡದ ಆಟಗಾರ ಹಂಟರ್ ಹಿಲೆನ್‌ಮೇಯರ್ ಹೂಡಿದ ಮೊಕದ್ದಮೆಯಲ್ಲಿ 2015ರಲ್ಲಿ ಒಹಾಯೋ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತಂಡ ಕೊಡುವ ವಾರ್ಷಿಕ ಸಂಬಳದ ಪತ್ರವಾದ ಡಬ್ಲ್ಯು-2ನಲ್ಲಿ ಪ್ರತಿ ರಾಜ್ಯದ ಅಂಕಿಯನ್ನು ನಿಮ್ಮ ದಿನಚರಿಯ ಜೊತೆ ತಾಳೆ ನೋಡಿ. ಪ್ರಯಾಣಕ್ಕೆ ಹೋಗದೆ ಚಿಕಿತ್ಸೆಗೆ ಉಳಿದ ದಿನಗಳು ಅಲ್ಲಿ ಸರಿಯಾಗಿ ಇರುವುದು ಅಪರೂಪ.

ಮೇಜರ್ ಲೀಗ್ ಕ್ರಿಕೆಟ್‌ನಲ್ಲಿ ಆಡುವವರಿಗೂ ಇದೇ ನಿಯಮ. 2025ರಲ್ಲಿ ಪಂದ್ಯಗಳು ನಡೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್, ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿ, ಫ್ಲಾರಿಡಾದ ಲಾಡರ್‌ಹಿಲ್‌ನಲ್ಲಿ. ಟೆಕ್ಸಸ್, ಫ್ಲಾರಿಡಾದ ದಿನಗಳಿಗೆ ರಾಜ್ಯದ ತೆರಿಗೆ ಇಲ್ಲ, ಓಕ್‌ಲ್ಯಾಂಡ್‌ನ ದಿನಗಳಿಗೆ ಇದೆ. ಗುತ್ತಿಗೆದಾರರಾಗಿ ಆಡುವ ಹೊರಗಿನವರಿಗೆ ಕ್ಯಾಲಿಫೋರ್ನಿಯಾದ ಪಾವತಿ ವರ್ಷಕ್ಕೆ 1,500 ಡಾಲರ್ ದಾಟಿದರೆ ಶೇ 7 ಹಿಡಿಯುತ್ತಾರೆ; ಖರ್ಚು ಹೆಚ್ಚಿದ್ದರೆ ಫಾರ್ಮ್ 589 ಕೊಟ್ಟು ಕಡಿಮೆ ಮಾಡಿಸಬಹುದು. ಭಾರತ-ಅಮೆರಿಕ ತೆರಿಗೆ ಒಪ್ಪಂದವನ್ನು ಕ್ಯಾಲಿಫೋರ್ನಿಯಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

## ಹಂತ 8: ಊರಿಗೇ ವಾಪಸು ಹೋಗುವವರು

ಮೈಸೂರಿಗೋ ಬೆಂಗಳೂರಿಗೋ ಖಾಯಮ್ಮಾಗಿ ಹಿಂತಿರುಗಿದರೂ ಹಳೆಯ ರಾಜ್ಯದ ನಿವಾಸ ಬಿಟ್ಟಂತೆಯೇ, 401ಕೆಯ ರಕ್ಷಣೆ ಅಲ್ಲೂ ಸಿಗುತ್ತದೆ. ‘ಒಂದೆರಡು ವರ್ಷ ಇದ್ದು ನೋಡೋಣ’ ಎಂಬ ಧೋರಣೆ ಇದ್ದರೆ ಮಾತ್ರ ತಾತ್ಕಾಲಿಕ ಗೈರುಹಾಜರಿ ಅನ್ನುತ್ತಾರೆ.

ಇವರು ಮಾಡುವ ಒಂದು ತಪ್ಪು ಮತ್ತೆಮತ್ತೆ ಕಾಣುತ್ತದೆ. ಬ್ರೋಕರೇಜ್ ಭಾರತದ ವಿಳಾಸ ಒಪ್ಪುವುದಿಲ್ಲವೇನೋ ಎಂಬ ಭಯಕ್ಕೆ ಫ್ರೀಮಾಂಟ್‌ನಲ್ಲಿರುವ ಮಗನ ವಿಳಾಸ ಕೊಡುತ್ತಾರೆ. ಆ ವಿಳಾಸದ 1099-ಆರ್ (ನಿವೃತ್ತಿ ಹಣ ತೆಗೆದ ಲೆಕ್ಕದ ಫಾರ್ಮ್) ಕ್ಯಾಲಿಫೋರ್ನಿಯಾದ ತೆರಿಗೆ ಮಂಡಳಿಗೂ ಹೋಗುತ್ತದೆ. ಈ ಮನುಷ್ಯ ಇಲ್ಲೇ ಇದ್ದಾನೆ, ರಿಟರ್ನ್ ಹಾಕಿಲ್ಲ ಅಂತ ನೋಟಿಸು ಮಗನ ಮನೆಗೆ ಬರುತ್ತದೆ, ಮಗ ಜಾಹೀರಾತು ಅಂದುಕೊಂಡು ಎಸೆಯುತ್ತಾನೆ. ಹೊರಡುವ ಮುನ್ನವೇ ಭಾರತದ ವಿಳಾಸ ಒಪ್ಪುವ ಸಂಸ್ಥೆಗೆ ಖಾತೆ ವರ್ಗಾಯಿಸಿ.

## ಹಂತ 9: ರಾಜ್ಯ ಬಿಟ್ಟ ವರ್ಷದ ರಿಟರ್ನ್, ಮತ್ತು ನೋಟಿಸು ಬಂದಾಗ

ಬಿಟ್ಟ ವರ್ಷ ಭಾಗಶಃ ನಿವಾಸಿಯಾಗಿ ರಿಟರ್ನ್ ಹಾಕಬೇಕು: ಕ್ಯಾಲಿಫೋರ್ನಿಯಾಕ್ಕೆ 540 ಎನ್‌ಆರ್, ನ್ಯೂಯಾರ್ಕ್‌ಗೆ ಐಟಿ-203. ನೆಲೆ ಬದಲಾದ ದಿನಾಂಕ ಒಂದೇ ಇರಲಿ. ಲೈಸೆನ್ಸ್ ಮಾರ್ಚ್, ಸಾಮಾನು ಆಗಸ್ಟ್, ರಿಟರ್ನ್‌ನಲ್ಲಿ ಜನವರಿ ಅಂತಿದ್ದರೆ ಆಡಿಟರ್ ಆಗಸ್ಟ್ ಹಿಡಿಯುತ್ತಾರೆ. ನ್ಯೂಯಾರ್ಕ್ ಬಿಡುವವರಿಗೆ ಇನ್ನೊಂದು ಸೂಕ್ಷ್ಮ: ಹೋಗುವ ಮುನ್ನವೇ ಹಕ್ಕು ಖಚಿತವಾಗಿ, ಹಣ ಮಾತ್ರ ಆಮೇಲೆ ಬರುವಂಥದ್ದನ್ನು ನಿವಾಸಿಯಾಗಿದ್ದ ಅವಧಿಗೇ ಸೇರಿಸಬೇಕು.

ಮುಂದಿನ ವರ್ಷಗಳಲ್ಲಿ ಹಳೆಯ ರಾಜ್ಯದಿಂದ ಬಾಡಿಗೆಯೋ ಷೇರಿನ ಪಾಲೋ ಸ್ವಲ್ಪ ಬಂದರೂ ನಿವಾಸಿಯಲ್ಲದವರ ರಿಟರ್ನ್ ಹಾಕಿ. ರಿಟರ್ನ್ ಹಾಕಿದರೆ ಪ್ರಶ್ನಿಸಲು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾಕ್ಕೆ ನಾಲ್ಕು ವರ್ಷ, ನ್ಯೂಯಾರ್ಕ್‌ಗೆ ಮೂರು ವರ್ಷ ಅವಕಾಶ. ಹಾಕದೇ ಇದ್ದರೆ ಕಾಲಮಿತಿಯೇ ಇಲ್ಲ.

ನೋಟಿಸು ಬಂದರೆ ಫೋನ್ ಮಾಡಿ ವಿವರಿಸಲು ಹೋಗಬೇಡಿ. ಬಾಯಿಮಾತಿನಲ್ಲಿ ‘ಬೇಸಿಗೆಗೆ ಅಲ್ಲಿಗೇ ಬರ್ತೀವಿ’ ಅಂದದ್ದೂ ಕಡತ ಸೇರುತ್ತದೆ. ಗಡುವನ್ನು ಗುರುತು ಹಾಕಿಕೊಳ್ಳಿ. ಕ್ಯಾಲಿಫೋರ್ನಿಯಾ ಹೆಚ್ಚುವರಿ ತೆರಿಗೆಯ ಪ್ರಸ್ತಾವ ಕಳಿಸಿದರೆ ಲಿಖಿತ ಆಕ್ಷೇಪಣೆಗೆ 60 ದಿನ. ಸಾಗಣೆಯ ಪಟ್ಟಿ, ದಿನಚರಿ, ರದ್ದಾದ ಆಸ್ತಿ ತೆರಿಗೆ ವಿನಾಯಿತಿಯ ಪತ್ರ, ಹೊಸ ಹೋಮ್‌ಸ್ಟೆಡ್ ಮಂಜೂರಾತಿ: ಈ ನಾಲ್ಕನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ, ಸಿಪಿಎ ಮೂಲಕ ಒಂದೇ ಕಂತೆಯಾಗಿ ಕಳಿಸಿ.